ಜನರ ದುಡ್ಡಿಗೆ ಲೆಕ್ಕ ಕೇಳುವವರು

ಜಾತ್ರೆಯ ಲೆಕ್ಕ

ಊರಿನಲ್ಲಿ ಜಾತ್ರೆ ಬಂತು ಅಂತ ಇಟ್ಟುಕೊಳ್ಳೋಣ. ಮನೆ ಮನೆಯಿಂದ ವಂತಿಗೆ ಎತ್ತುತ್ತಾರೆ. ಕೆಲವರು 100 ರೂಪಾಯಿ ಕೊಡುತ್ತಾರೆ. ಕೆಲವರು 500 ಕೊಡುತ್ತಾರೆ. ಕೈಯಲ್ಲಿ ದುಡ್ಡಿಲ್ಲದವರು ಎರಡು ಸೇರು ಅಕ್ಕಿ ಕೊಡುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ.

ಜಾತ್ರೆ ಮುಗಿಯಿತು. ಈಗ ಊರವರೆಲ್ಲ ಗುಡಿಯ ಕಟ್ಟೆ ಹತ್ತಿರ ಸೇರುತ್ತಾರೆ. ಎಷ್ಟು ಹಣ ಬಂತು? ಪೆಂಡಾಲಿಗೆ ಎಷ್ಟು ಹೋಯಿತು? ಅಡುಗೆಗೆ ಎಷ್ಟು? ಉಳಿದದ್ದು ಎಷ್ಟು? ಒಬ್ಬರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಓದುತ್ತಾರೆ.

ಲೆಕ್ಕ ಓದದೆ ಹೋದರೆ ಏನಾಗುತ್ತದೆ? ಜನ ಗುಸುಗುಸು ಮಾತಾಡುತ್ತಾರೆ. ಮುಂದಿನ ವರ್ಷ ವಂತಿಗೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ. ಲೆಕ್ಕ ಕೇಳುವುದು ಜಗಳವಲ್ಲ. ಒಳ್ಳೆಯವರ ಹೆಸರು ಉಳಿಯಬೇಕಾದರೂ ಲೆಕ್ಕ ಬೇಕು.

ಇನ್ನೊಂದು ಮಾತು. ಖರ್ಚು ಮಾಡಿದವರೇ ಲೆಕ್ಕವನ್ನು ಪರೀಕ್ಷೆ ಮಾಡಿ, ಸರಿಯಾಗಿದೆ ಅಂದರೆ ನಾವು ಒಪ್ಪುತ್ತೇವೆಯೆ? ಒಪ್ಪುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯಬಾರದಲ್ಲ! ಅದಕ್ಕೇ ಲೆಕ್ಕ ನೋಡಲು ಬೇರೆಯವರು ಬೇಕು. ದಾಕ್ಷಿಣ್ಯ ಇಲ್ಲದವರು ಬೇಕು.

ಒಂದು ಊರಿನ ಜಾತ್ರೆಗೇ ಇಷ್ಟು ಲೆಕ್ಕ ಬೇಕು. ಹಾಗಾದರೆ ಇಡೀ ದೇಶದ ಲೆಕ್ಕ? ಅದನ್ನು ಯಾರು ನೋಡುತ್ತಾರೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಸರ್ಕಾರದ ಹಣ ಯಾರದು?

"ಸರ್ಕಾರದ ದುಡ್ಡು, ನಮಗೇನು?" ಅಂತ ಹೇಳುವವರು ಇದ್ದಾರೆ. ಈ ಮಾತು ಸರಿಯಲ್ಲ.

ಅಂಗಡಿಯಲ್ಲಿ ಸೋಪು ಕೊಳ್ಳುತ್ತೇವೆ. ಬೆಂಕಿಪೊಟ್ಟಣ ಕೊಳ್ಳುತ್ತೇವೆ. ಚಪ್ಪಲಿ ಕೊಳ್ಳುತ್ತೇವೆ. ಅವುಗಳ ಬೆಲೆಯಲ್ಲಿ ತೆರಿಗೆಯೂ ಸೇರಿದೆ. ಕೂಲಿ ಮಾಡುವ ತಾಯಿಯೂ ತೆರಿಗೆ ಕೊಡುತ್ತಾಳೆ. ದೊಡ್ಡ ಬಂಗಲೆಯವರೂ ಕೊಡುತ್ತಾರೆ. ನಾವು ತೆರಿಗೆ ಕೊಡುತ್ತಿಲ್ಲ ಅಂತ ಯಾರೂ ತಿಳಿಯಬಾರದು.

ಹೀಗೆ ಬಂದ ಹಣ ಸರ್ಕಾರದ ಖಜಾನೆ ಸೇರುತ್ತದೆ. ಇದಕ್ಕೆ ಸಂಚಿತ ನಿಧಿ ಎಂದು ಹೆಸರು. ಸಂಚಿತ ಅಂದರೆ ಕೂಡಿಟ್ಟದ್ದು. ದೇಶಕ್ಕೆ ಒಂದು ಸಂಚಿತ ನಿಧಿ ಇದೆ. ಪ್ರತಿ ರಾಜ್ಯಕ್ಕೂ ಒಂದೊಂದು ಇದೆ. ಈ ನಿಧಿಯಿಂದ ಹಣ ತೆಗೆಯಬೇಕಾದರೆ ಶಾಸನಸಭೆಯ ಒಪ್ಪಿಗೆ ಬೇಕು. ದೇಶದ ಹಣಕ್ಕೆ ಸಂಸತ್ತು ಒಪ್ಪಬೇಕು. ರಾಜ್ಯದ ಹಣಕ್ಕೆ ವಿಧಾನಮಂಡಲ ಒಪ್ಪಬೇಕು. ಪ್ರತಿ ವರ್ಷ ಬಜೆಟ್ ಮಂಡಿಸುವುದು ಇದಕ್ಕೇ.

ಬಜೆಟ್ ಅಂದರೆ ಮುಂದೆ ಮಾಡುವ ಖರ್ಚಿನ ಮಾತು. ಹಾಗಾದರೆ ಖರ್ಚು ಆದ ಮೇಲೆ? ಹೇಳಿದ ಕೆಲಸಕ್ಕೇ ಹಣ ಹೋಯಿತೆ? ಹೇಳಿದಷ್ಟೇ ಹೋಯಿತೆ? ಇದನ್ನು ನೋಡಿ ಹೇಳುವವರು ಬೇಕಲ್ಲವೆ?

ಲೆಕ್ಕ ನೋಡುವ ದೊಡ್ಡ ಅಧಿಕಾರಿ

ನಮ್ಮ ಸಂವಿಧಾನ ಇದಕ್ಕಾಗಿ ಒಬ್ಬ ಅಧಿಕಾರಿಯನ್ನು ಇಟ್ಟಿದೆ. ಅವರ ಹುದ್ದೆಯ ಹೆಸರು ಉದ್ದವಾಗಿದೆ. ನಿಧಾನವಾಗಿ ಬಿಡಿಸಿ ಓದಿ:

ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು.

ಪತ್ರಿಕೆಯಲ್ಲಿ ಇದನ್ನು ಚಿಕ್ಕದಾಗಿ 'ಸಿಎಜಿ' ಎಂದು ಬರೆಯುತ್ತಾರೆ. ನಾವೂ ಹಾಗೇ ಕರೆಯೋಣ. ಸಂವಿಧಾನದ 148ನೇ ವಿಧಿಯಿಂದ 151ನೇ ವಿಧಿಯವರೆಗೆ ಇವರ ವಿಷಯ ಬರೆದಿದೆ. ಇವರ ಕೆಲಸ ಏನು, ಅಧಿಕಾರ ಎಷ್ಟು ಎಂದು ಹೇಳಲು 1971ರಲ್ಲಿ ಒಂದು ಕಾಯ್ದೆಯೂ ಬಂತು.

ಈ ಕೆಲಸ ಬ್ರಿಟಿಷರ ಕಾಲದಲ್ಲಿ ಶುರುವಾಯಿತು. ಭಾರತದ ಮೊದಲ ಆಡಿಟರ್ ಜನರಲ್ 1860ರ ನವೆಂಬರ್ 16ರಂದು ಅಧಿಕಾರ ವಹಿಸಿಕೊಂಡರು. ಅದರ ನೆನಪಿಗೆ 2021ರಿಂದ ನವೆಂಬರ್ 16ನ್ನು ಆಡಿಟ್ ದಿವಸ ಎಂದು ಆಚರಿಸುತ್ತಾರೆ. ಆದರೆ ಆಗ ಲೆಕ್ಕ ಹೋಗುತ್ತಿದ್ದುದು ಆಳುವವರ ಕೈಗೆ. ಜನ ಅದನ್ನು ಕೇಳುವ ಹಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಹುದ್ದೆಗೆ ಬಂದ ಮೊದಲಿಗರು ವಿ. ನರಹರಿ ರಾವ್. ಅವರು 1948ರಿಂದ 1954ರವರೆಗೆ ಕೆಲಸ ಮಾಡಿದರು. ಸಂವಿಧಾನ ಬರೆಯುವಾಗ ಈ ಹುದ್ದೆಯ ಬಗ್ಗೆ ಚರ್ಚೆ ನಡೆಯಿತು. 1949ರ ಮೇ ತಿಂಗಳಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾತನಾಡಿದರು. ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯ ಅಧಿಕಾರಿ ಇವರೇ ಎಂಬುದು ಅಂಬೇಡ್ಕರ್ ಅವರ ಅಭಿಪ್ರಾಯವಾಗಿತ್ತು. ಲೆಕ್ಕ ನೋಡುವವರಿಗೆ ಇಷ್ಟು ದೊಡ್ಡ ಮಾತೆ? ಹೌದು. ಜನ ಕೊಟ್ಟ ಹಣ ಜನರ ಕೆಲಸಕ್ಕೇ ಹೋಗದಿದ್ದರೆ ಕಾನೂನು ಎಷ್ಟಿದ್ದರೇನು?

ಬೆಂಗಳೂರಿನಲ್ಲಿ 'ಎ.ಜಿ. ಆಫೀಸು' ಇದೆ. ಹೆಸರು ಕೇಳಿರಬಹುದು. ಅದು ಮಹಾಲೇಖಪಾಲರ ಕಚೇರಿ. ಅದು ಸಿಎಜಿ ಅವರ ಇಲಾಖೆಗೇ ಸೇರಿದ್ದು. ನಮ್ಮ ರಾಜ್ಯ ಸರ್ಕಾರದ ಲೆಕ್ಕವನ್ನು ನೋಡುವವರು ಅಲ್ಲಿದ್ದಾರೆ. ಹಳೆಯ ಪದ್ಧತಿಯಲ್ಲಿ ನಿವೃತ್ತರಾದ ಮೇಷ್ಟ್ರ ಪಿಂಚಣಿ ಕಾಗದ ಬರುವುದೂ ಎ.ಜಿ. ಆಫೀಸಿನಿಂದಲೇ. ಅಂದರೆ ಈ ಇಲಾಖೆ ದೂರದ ದೆಹಲಿಯಲ್ಲಿ ಮಾತ್ರ ಇಲ್ಲ.

ಹೆದರದೆ ಹೇಳಬೇಕಾದರೆ

ಒಂದು ಪ್ರಶ್ನೆ. ಗೌಡರ ಮನೆಯ ಲೆಕ್ಕ ಬರೆಯುವವನು ಗೌಡರ ತಪ್ಪು ಹೇಳುತ್ತಾನೆಯೆ? ಹೇಳಿದರೆ ನಾಳೆ ಕೆಲಸ ಹೋಗುತ್ತದೆ. ಸರ್ಕಾರದ ತಪ್ಪು ಹೇಳುವವರಿಗೂ ಈ ಹೆದರಿಕೆ ಇರಬಾರದು. ಅದಕ್ಕೆ ಸಂವಿಧಾನ ಮತ್ತು ಕಾನೂನು ಕೆಲವು ಏರ್ಪಾಡು ಮಾಡಿವೆ.

ಒಂದು: ಸಿಎಜಿ ಅವರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅವರ ಅವಧಿ 6 ವರ್ಷ. ಅದಕ್ಕೆ ಮೊದಲೇ 65 ವರ್ಷ ವಯಸ್ಸಾದರೆ ಆಗ ನಿವೃತ್ತಿ.

ಎರಡು: ನಡುವೆ ಅವರನ್ನು ಸುಮ್ಮನೆ ತೆಗೆಯಲು ಆಗುವುದಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಲು ಯಾವ ಕ್ರಮ ಇದೆಯೋ ಅದೇ ಕ್ರಮ ಇವರಿಗೂ ಇದೆ. ಸಂಸತ್ತಿನ ಎರಡೂ ಸದನಗಳು ಒಪ್ಪಬೇಕು.

ಮೂರು: ಅವರ ಸಂಬಳ ಸಂಚಿತ ನಿಧಿಯಿಂದ ನೇರವಾಗಿ ಹೋಗುತ್ತದೆ. ಯಾವ ಮಂತ್ರಿಯೂ ಕೋಪದಿಂದ ಅದನ್ನು ಕಡಿಮೆ ಮಾಡಲು ಬರುವುದಿಲ್ಲ.

ನಾಲ್ಕು: ಈ ಹುದ್ದೆ ಬಿಟ್ಟ ಮೇಲೆ ಕೇಂದ್ರ ಸರ್ಕಾರದ ಅಡಿಯಲ್ಲಾಗಲಿ ರಾಜ್ಯ ಸರ್ಕಾರದ ಅಡಿಯಲ್ಲಾಗಲಿ ಬೇರೆ ನೌಕರಿ ಪಡೆಯುವ ಹಾಗಿಲ್ಲ. ಮುಂದೆ ಒಳ್ಳೆಯ ಕೆಲಸ ಸಿಗಲಿ ಎಂದು ಇಂದು ಕಣ್ಣು ಮುಚ್ಚಿಕೊಳ್ಳಬಾರದಲ್ಲ, ಅದಕ್ಕೆ.

ಅಧಿಕಾರ ವಹಿಸುವಾಗ ಅವರು ಪ್ರಮಾಣ ಮಾಡುತ್ತಾರೆ. ಯಾರಿಗೂ ಹೆದರದೆ, ಯಾರ ಪಕ್ಷವನ್ನೂ ವಹಿಸದೆ ಕೆಲಸ ಮಾಡುತ್ತೇನೆ ಎಂದು ಹೇಳುತ್ತಾರೆ.

ಏನೇನು ನೋಡುತ್ತಾರೆ?

ಒಂದು ಊರಿನ ಶಾಲೆಗೆ ಒಂದು ಕೋಣೆ ಮಂಜೂರಾಯಿತು ಅಂತ ತಿಳಿಯೋಣ. ಮಂಜೂರಾದ ಹಣ 10 ಲಕ್ಷ ರೂಪಾಯಿ. ಲೆಕ್ಕ ನೋಡುವವರು ಮೂರು ಬಗೆಯ ಪ್ರಶ್ನೆ ಕೇಳುತ್ತಾರೆ.

ಮೊದಲನೆಯ ಪ್ರಶ್ನೆ: ಲೆಕ್ಕ ಸರಿಯಾಗಿ ಬರೆದಿದೆಯೆ? ಬಂದದ್ದು ಎಷ್ಟು, ಹೋದದ್ದು ಎಷ್ಟು, ಉಳಿದದ್ದು ಎಷ್ಟು? ಪ್ರತಿ ಖರ್ಚಿಗೂ ರಶೀದಿ ಇದೆಯೆ?

ಎರಡನೆಯ ಪ್ರಶ್ನೆ: ನಿಯಮದ ಪ್ರಕಾರ ಖರ್ಚಾಯಿತೆ? ಟೆಂಡರ್ ಕರೆದರೆ? ಒಪ್ಪಿಗೆ ಕೊಡುವ ಅಧಿಕಾರ ಇದ್ದವರೇ ಒಪ್ಪಿಗೆ ಕೊಟ್ಟರೆ? ಶಾಲೆಯ ಹಣದಲ್ಲಿ ಕಾಂಪೌಂಡು ಬಿಟ್ಟು ಬೇರೆಲ್ಲೋ ಗೋಡೆ ಎದ್ದಿತೆ?

ಮೂರನೆಯ ಪ್ರಶ್ನೆ: ಕೆಲಸದ ಉದ್ದೇಶ ಈಡೇರಿತೆ? ಕೋಣೆ ಎದ್ದಿದೆ. ರಶೀದಿಯೂ ಇದೆ. ಆದರೆ ಮಳೆ ಬಂದರೆ ಸೋರುತ್ತದೆ. ಬಾಗಿಲಿಗೆ ಬೀಗ ಇದೆ. ಮಕ್ಕಳು ಮರದ ಕೆಳಗೇ ಕೂತಿದ್ದಾರೆ. ಹಾಗಾದರೆ ಹಣ ಹೋಯಿತು, ಫಲ ಬರಲಿಲ್ಲ. ಇದನ್ನೂ ಅವರು ಬರೆಯುತ್ತಾರೆ.

ಈ ಕೆಲಸಕ್ಕೆ ಅವರು ಕಚೇರಿಗಳಿಗೆ ಹೋಗುತ್ತಾರೆ. ನಗದು ಪುಸ್ತಕ ತೆಗೆಸುತ್ತಾರೆ. ಬಿಲ್ಲು, ರಶೀದಿ, ಹಾಜರಿ ಪಟ್ಟಿ, ಅಳತೆ ಪುಸ್ತಕ ನೋಡುತ್ತಾರೆ. ಒಂದು ಕಾಗದವನ್ನು ಇನ್ನೊಂದಕ್ಕೆ ತಾಳೆ ಹಾಕುತ್ತಾರೆ. ಕೆಲವು ಕಡೆ ಕೆಲಸ ನಡೆದ ಜಾಗಕ್ಕೂ ಹೋಗುತ್ತಾರೆ. ಬೇಕಾದ ಲೆಕ್ಕಪುಸ್ತಕ ತರಿಸಿ ನೋಡುವ ಅಧಿಕಾರವನ್ನು ಕಾನೂನು ಅವರಿಗೆ ಕೊಟ್ಟಿದೆ.

ದೇಶದ ಎಲ್ಲ ಕಾಗದವನ್ನೂ ನೋಡಲು ಆಗುತ್ತದೆಯೆ? ಆಗುವುದಿಲ್ಲ. ಕೆಲವನ್ನು ಆರಿಸಿಕೊಂಡು ನೋಡುತ್ತಾರೆ. ಅನ್ನ ಬೆಂದಿದೆಯೋ ಇಲ್ಲವೋ ಎಂದು ನಾವು ಒಂದು ಅಗುಳು ಹಿಚುಕಿ ನೋಡುತ್ತೇವೆ. ಹಾಗೆ.

ತಪ್ಪು ಕಂಡ ಕೂಡಲೇ ಊರಿಗೆಲ್ಲ ಸಾರುವುದಿಲ್ಲ. ಮೊದಲು ಆ ಕಚೇರಿಯವರನ್ನೇ ಕೇಳುತ್ತಾರೆ. ಇದಕ್ಕೆ ಆಕ್ಷೇಪಣೆ ಎನ್ನುತ್ತಾರೆ. ಕಚೇರಿಯವರು ಉತ್ತರ ಕೊಡಬೇಕು. ಉತ್ತರ ಸರಿಯಿದ್ದರೆ ಆಕ್ಷೇಪಣೆ ಬಿಡುತ್ತಾರೆ. ಸರಿಯಿಲ್ಲದಿದ್ದರೆ, ಮಾತು ದೊಡ್ಡದಿದ್ದರೆ, ಅದು ವರದಿಗೆ ಸೇರುತ್ತದೆ.

ವರದಿ ಎಲ್ಲಿಗೆ ಹೋಗುತ್ತದೆ?

ಕೇಂದ್ರ ಸರ್ಕಾರದ ವರದಿ ರಾಷ್ಟ್ರಪತಿಗಳಿಗೆ ಹೋಗುತ್ತದೆ. ಅವರು ಅದನ್ನು ಸಂಸತ್ತಿನ ಮುಂದೆ ಇಡಿಸುತ್ತಾರೆ. ರಾಜ್ಯದ ವರದಿ ರಾಜ್ಯಪಾಲರಿಗೆ ಹೋಗುತ್ತದೆ. ಅವರು ಅದನ್ನು ವಿಧಾನಮಂಡಲದ ಮುಂದೆ ಇಡಿಸುತ್ತಾರೆ. ಆಮೇಲೆ ಆ ವರದಿ ಎಲ್ಲರದು. ಯಾರು ಬೇಕಾದರೂ ಓದಬಹುದು. ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಸಿಎಜಿ ಅವರ ಜಾಲತಾಣದಲ್ಲಿಯೂ ವರದಿ ಸಿಗುತ್ತದೆ.

ವರದಿಯನ್ನು ಕೂತು ಪರೀಕ್ಷಿಸಲು ಸಂಸತ್ತಿನಲ್ಲಿ ಒಂದು ಸಮಿತಿ ಇದೆ. ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದರಲ್ಲಿ 22 ಸದಸ್ಯರು. ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಮಂತ್ರಿಗಳು ಇದರಲ್ಲಿ ಸದಸ್ಯರಾಗುವ ಹಾಗಿಲ್ಲ. 1967ರಿಂದ ವಿರೋಧ ಪಕ್ಷದವರನ್ನೇ ಇದರ ಅಧ್ಯಕ್ಷರನ್ನಾಗಿ ಮಾಡುವ ರೂಢಿ ಬಂದಿದೆ. ಯಾಕೆ? ಖರ್ಚು ಮಾಡುವವರು ಬೇರೆ, ಕೇಳುವವರು ಬೇರೆ ಇರಲಿ ಎಂದು. ಜಾತ್ರೆಯ ಲೆಕ್ಕದ ನ್ಯಾಯವೇ ಇಲ್ಲಿಯೂ ಇದೆ. ಈ ಸಮಿತಿ ದೊಡ್ಡ ಅಧಿಕಾರಿಗಳನ್ನು ಕರೆಸುತ್ತದೆ. "ಇದಕ್ಕೆ ಏನು ಹೇಳುತ್ತೀರಿ?" ಎಂದು ಕೇಳುತ್ತದೆ. ನಮ್ಮ ರಾಜ್ಯದ ವಿಧಾನಮಂಡಲದಲ್ಲಿಯೂ ಇಂಥ ಸಮಿತಿ ಇದೆ.

ಸ್ಕೂಟರ್ ಮೇಲೆ ಮೇವು!

ಈಗ ನಿಜವಾಗಿ ನಡೆದ ಒಂದು ಸಂಗತಿ ಓದೋಣ. ಇದು ಬಿಹಾರ ರಾಜ್ಯದಲ್ಲಿ ನಡೆದದ್ದು.

ಅಲ್ಲಿನ ಪಶುಸಂಗೋಪನಾ ಇಲಾಖೆಗೆ ಪ್ರತಿ ವರ್ಷ ಹಣ ಬರುತ್ತಿತ್ತು. ದನಕರುಗಳಿಗೆ ಮೇವು ಕೊಳ್ಳಲು, ಔಷಧಿ ಕೊಳ್ಳಲು. ಬಡ ರೈತರಿಗೆ ಅನುಕೂಲ ಆಗಲಿ ಎಂದು. ಕೆಲವರು ಸೇರಿ ಸುಳ್ಳು ಬಿಲ್ಲು ಬರೆದರು. ಕೊಳ್ಳದ ಮೇವಿಗೆ ಬಿಲ್ಲು. ತರದ ಔಷಧಿಗೆ ಬಿಲ್ಲು. ಇಲ್ಲದ ದನಗಳಿಗೆ ಲೆಕ್ಕ. ಬಜೆಟ್ಟಿನಲ್ಲಿ ಒಪ್ಪಿದ್ದಕ್ಕಿಂತ ಬಹಳ ಹೆಚ್ಚು ಹಣ ಖಜಾನೆಯಿಂದ ಹೊರಗೆ ಹೋಯಿತು.

ಮೇವು ಸಾಗಿಸಿದ ಲಾರಿಗಳು ಎಂದು ಕೆಲವು ಗಾಡಿಗಳ ನಂಬರನ್ನು ಬಿಲ್ಲಿನಲ್ಲಿ ಬರೆದಿದ್ದರು. ಆಮೇಲೆ ಆ ನಂಬರುಗಳನ್ನು ತಾಳೆ ಹಾಕಿ ನೋಡಿದರು. ಏನು ಕಂಡಿತು ಗೊತ್ತೆ? ಅವುಗಳಲ್ಲಿ ಕೆಲವು ಲಾರಿಗಳೇ ಅಲ್ಲ. ಸ್ಕೂಟರುಗಳು! ಸ್ಕೂಟರ್ ಮೇಲೆ ಗಾಡಿಗಟ್ಟಲೆ ಮೇವು ಹೋಗುತ್ತದೆಯೆ? ಕಾಗದದ ಮೇಲೆ ಮಾತ್ರ ಹೋಗುತ್ತದೆ.

ಇದು ಒಂದು ದಿನದಲ್ಲಿ ಆದದ್ದಲ್ಲ. ವರ್ಷಗಟ್ಟಲೆ ನಡೆಯಿತು. 1985ರಲ್ಲೇ ಆಗಿನ ಸಿಎಜಿ ಅವರು ಬಿಹಾರದ ಮುಖ್ಯಮಂತ್ರಿಗೆ ಪತ್ರ ಬರೆದಿದ್ದರು. ಖಜಾನೆಯ ತಿಂಗಳ ಲೆಕ್ಕಗಳು ತಡವಾಗಿ ಬರುತ್ತಿವೆ, ಇದರ ಹಿಂದೆ ಹಣ ದುರುಪಯೋಗ ಇರಬಹುದು ಎಂದು ಎಚ್ಚರಿಸಿದ್ದರು. ಆದರೆ ಕಳ್ಳತನ ನಿಲ್ಲಲಿಲ್ಲ. 1996ರ ಜನವರಿಯಲ್ಲಿ ಚೈಬಾಸಾ ಎಂಬ ಊರಿನಲ್ಲಿ ಅಧಿಕಾರಿಗಳು ದಾಳಿ ಮಾಡಿದ ಮೇಲೆ ಎಲ್ಲ ಬಯಲಾಯಿತು. ಆ ಊರು ಈಗ ಜಾರ್ಖಂಡ್ ರಾಜ್ಯದಲ್ಲಿದೆ. ಒಟ್ಟು ಸುಮಾರು 950 ಕೋಟಿ ರೂಪಾಯಿ ಹೀಗೆ ಹೋಯಿತು ಎಂದು ಲೆಕ್ಕ ಹಾಕಿದರು. ನ್ಯಾಯಾಲಯದ ಆದೇಶದಂತೆ ಸಿಬಿಐ ತನಿಖೆ ನಡೆಯಿತು. 2013ರಲ್ಲಿ ಒಂದು ಪ್ರಕರಣದ ತೀರ್ಪು ಬಂತು. ಇಬ್ಬರು ಮಾಜಿ ಮುಖ್ಯಮಂತ್ರಿಗಳೂ ಸೇರಿ ಹಲವರು ತಪ್ಪಿತಸ್ಥರು ಎಂದು ನ್ಯಾಯಾಲಯ ಹೇಳಿತು.

1985 ಎಲ್ಲಿ, 1996 ಎಲ್ಲಿ! ನಡುವೆ 11 ವರ್ಷ. ಎಚ್ಚರಿಕೆಯ ಕಾಗದ ಬಂದಾಗಲೇ ಗಮನ ಕೊಟ್ಟು ವಿಚಾರಿಸಿದ್ದರೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಇದರಿಂದ ನಾವು ಕಲಿಯುವುದು ಏನು? ಲೆಕ್ಕ ನೋಡುವವರು ಇದ್ದರೆ ಸಾಲದು. ಅವರು ಬರೆದದ್ದನ್ನು ಓದುವವರು ಬೇಕು. ಓದಿ ಕೇಳುವವರು ಬೇಕು.

ಕಲಿಯುವವರು ಕೇಳಿದ ಪ್ರಶ್ನೆಗಳು

ಈ ಪಾಠವನ್ನು ಓದಿ ಹೇಳುವಾಗ ಕಲಿಯುವವರು ಕೇಳುವ ಪ್ರಶ್ನೆಗಳಿವು. ನಾವು ಕೊಡುವ ಉತ್ತರವನ್ನೂ ಬರೆದಿದ್ದೇವೆ.

ಅಜ್ಜ: ಹಂಗಾದ್ರೆ ಈ ಸಿಎಜಿ ಸಾಹೇಬ್ರು ಕಳ್ಳರನ್ನ ಜೈಲಿಗೆ ಹಾಕ್ತಾರಾ ಮೇಷ್ಟ್ರೇ?

ಉತ್ತರ: ಇಲ್ಲ ಅಜ್ಜ. ಅವರ ಕೈಯಲ್ಲಿ ಲಾಠಿ ಇಲ್ಲ, ಬೇಡಿ ಇಲ್ಲ. ಲೇಖನಿ ಇದೆ. ಕಂಡದ್ದನ್ನು ಬರೆಯುತ್ತಾರೆ. ತನಿಖೆ ಮಾಡುವುದು ಪೊಲೀಸರ ಕೆಲಸ. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ.

ಅಕ್ಕ: ಅವರು ಬರೆದಿದ್ದೆಲ್ಲ ಕೊನೇ ಮಾತಾ?

ಉತ್ತರ: ಕೊನೆಯ ಮಾತಲ್ಲ ಅಕ್ಕ. ಒಂದು ಉದಾಹರಣೆ ಕೇಳಿ. ಮೊಬೈಲ್ ಫೋನ್ ಕಂಪನಿಗಳಿಗೆ ಸರ್ಕಾರ 2008ರಲ್ಲಿ ಲೈಸೆನ್ಸ್ ಕೊಟ್ಟಿತು. ಇದರಿಂದ ಸರ್ಕಾರಕ್ಕೆ 1 ಲಕ್ಷ 76 ಸಾವಿರ ಕೋಟಿ ರೂಪಾಯಿವರೆಗೆ ನಷ್ಟ ಆಗಿರಬಹುದು ಎಂದು 2010ರ ಸಿಎಜಿ ವರದಿ ಅಂದಾಜು ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟು 122 ಲೈಸೆನ್ಸ್ ರದ್ದು ಮಾಡಿತು. ಆದರೆ ಆ ಅಂದಾಜನ್ನು ಹಲವರು ಒಪ್ಪಲಿಲ್ಲ. ಆರೋಪ ಹೊತ್ತವರನ್ನು 2017ರಲ್ಲಿ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಅಂದರೆ ವರದಿ ಬೇರೆ, ತೀರ್ಪು ಬೇರೆ. ವರದಿಯಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ಯಾರನ್ನೂ ಕಳ್ಳ ಅನ್ನಬಾರದು. ವರದಿ ಬಂತು ಅಂದ ಮೇಲೆ ಸುಮ್ಮನೆಯೂ ಇರಬಾರದು.

ತಮ್ಮ: ಶಿಕ್ಷೆ ಕೊಡೋಕೆ ಆಗಲ್ಲ ಅಂದ್ರೆ ಅವರಿದ್ದು ಏನು ಪ್ರಯೋಜನ?

ಉತ್ತರ: ಒಳ್ಳೆಯ ಪ್ರಶ್ನೆ. ಹೊಲಕ್ಕೆ ಕಾವಲು ಇದೆ ಅಂತ ಗೊತ್ತಾದರೆ ದನ ಬಿಡುವವರು ಯೋಚನೆ ಮಾಡುತ್ತಾರೆ. ನಾಳೆ ಆಡಿಟ್ ಬರುತ್ತದೆ, ರಶೀದಿ ಕೇಳುತ್ತಾರೆ ಎಂಬ ಮಾತು ಎಷ್ಟೋ ಹಣವನ್ನು ಉಳಿಸುತ್ತದೆ. ಉಳಿದ ಹಣ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ನಮ್ಮ ಊರಿನ ಲೆಕ್ಕ ಯಾರು ನೋಡುತ್ತಾರೆ?

ನಮ್ಮ ಗ್ರಾಮ ಪಂಚಾಯಿತಿಗೂ ಹಣ ಬರುತ್ತದೆ. ಅದರ ಲೆಕ್ಕ ನೋಡುವುದು ರಾಜ್ಯ ಸರ್ಕಾರದ ಲೆಕ್ಕ ಪರಿಶೋಧನಾ ಇಲಾಖೆ. ಆ ಕೆಲಸ ಹೇಗೆ ಮಾಡಬೇಕು ಎಂದು ಸಿಎಜಿ ಇಲಾಖೆ ಮಾರ್ಗದರ್ಶನ ಕೊಡುತ್ತದೆ.

ಆದರೆ ಊರಿನ ಲೆಕ್ಕ ನೋಡಲು ಅಧಿಕಾರಿಗಳಿಗಿಂತ ಹತ್ತಿರದವರು ಇದ್ದಾರೆ. ಅವರು ನಾವೇ! ಗ್ರಾಮಸಭೆ ಇರುವುದು ಅದಕ್ಕೇ. ಚರಂಡಿ ಆಯಿತೋ ಇಲ್ಲವೋ, ಬೋರ್‌ವೆಲ್ ಕೊರೆದರೋ ಇಲ್ಲವೋ, ದೆಹಲಿಯವರಿಗೆ ಏನು ಗೊತ್ತು? ದಿನಾ ಅದೇ ದಾರಿಯಲ್ಲಿ ನಡೆಯುವ ನಮಗೆ ಗೊತ್ತು.

ಇದನ್ನು ರಾಜಸ್ಥಾನದ ಹಳ್ಳಿಯ ಜನ ಮಾಡಿ ತೋರಿಸಿದರು. ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘ 1990ರಲ್ಲಿ ಹುಟ್ಟಿತು. ಕೂಲಿಕಾರರು, ಸಣ್ಣ ರೈತರು ಸೇರಿ ಕಟ್ಟಿದ ಸಂಘ ಅದು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಅವರು ಒಂದು ಬಹಿರಂಗ ಸಭೆ ಸೇರಿಸಿದರು. ಸರ್ಕಾರಿ ಕೆಲಸದ ದಾಖಲೆಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕಾಗದದಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಊರವರೇ ಎದ್ದು ಹೇಳಿದರು. ಓದು ಬಾರದವರೂ ಆಡಿಟ್ ಮಾಡಿದರು. ಯಾಕೆಂದರೆ ಯಾರೋ ಒಬ್ಬರು ಅವರಿಗೆ ಓದಿ ಹೇಳಿದರು.

ಈ ಹೋರಾಟ ಬೆಳೆಯಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಈಗ ಯಾರು ಬೇಕಾದರೂ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. 2005ರಲ್ಲೇ ಬಂದ ಉದ್ಯೋಗ ಖಾತರಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲಸಗಳ ಲೆಕ್ಕವನ್ನು ಗ್ರಾಮಸಭೆಯೇ ನೋಡಬೇಕು ಎಂದು ಹೇಳಿತು. ಇದಕ್ಕೆ ಸಾಮಾಜಿಕ ಲೆಕ್ಕ ಪರಿಶೋಧನೆ ಎಂದು ಹೆಸರು. 2011ರಲ್ಲಿ ಸಿಎಜಿ ಅವರೊಂದಿಗೆ ಸಮಾಲೋಚನೆ ಮಾಡಿ ಇದಕ್ಕೆ ನಿಯಮಗಳನ್ನೂ ಮಾಡಿದರು. ದೆಹಲಿಯ ಆಡಿಟ್ಟೂ ಊರಕಟ್ಟೆಯ ಆಡಿಟ್ಟೂ ಅಲ್ಲಿ ಕೈ ಜೋಡಿಸಿದವು.

ಹೆಬ್ಬೆಟ್ಟು ಎಂಬ ಸಾಕ್ಷಿ

ಈಗ ಪಾಠದ ಮುಖ್ಯ ಮಾತಿಗೆ ಬಂದಿದ್ದೇವೆ. ಗಮನ ಕೊಟ್ಟು ಓದಿ.

ಲೆಕ್ಕ ನೋಡುವವರು ಹೆಚ್ಚಾಗಿ ನೋಡುವುದು ಕಾಗದವನ್ನು. ಆ ಕಾಗದ ಎಲ್ಲಿ ಹುಟ್ಟುತ್ತದೆ? ಬಹಳ ಸಲ ನಮ್ಮ ಊರಿನಲ್ಲೇ ಹುಟ್ಟುತ್ತದೆ. ನಮ್ಮ ಕೈಯಿಂದಲೇ ಹುಟ್ಟುತ್ತದೆ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಒಬ್ಬ ತಾಯಿ 6 ದಿನ ಕೆಲಸ ಮಾಡಿದಳು. ಅವಳಿಗೆ 6 ದಿನದ ಹಣ ಕೊಟ್ಟರು. ಆದರೆ ಕಾಗದದಲ್ಲಿ 12 ದಿನ ಎಂದು ಬರೆದಿದೆ. ಅವಳಿಗೆ ಓದಲು ಬರುವುದಿಲ್ಲ. "ಇಲ್ಲಿ ಒತ್ತಮ್ಮ" ಅಂದರು. ಅವಳು ಒತ್ತಿದಳು. ಈಗ ಆ ಕಾಗದ ತಾಲ್ಲೂಕಿಗೆ ಹೋಯಿತು. ಅಲ್ಲಿಂದ ಜಿಲ್ಲೆಗೆ ಹೋಯಿತು. ನಾಳೆ ಲೆಕ್ಕ ನೋಡುವವರು ಬಂದರು. 12 ದಿನ ಎಂದು ಬರೆದಿದೆ. ಕೆಳಗೆ ಹೆಬ್ಬೆಟ್ಟು ಇದೆ. ಅವರು ಏನು ಅಂದುಕೊಳ್ಳುತ್ತಾರೆ? ಲೆಕ್ಕ ಸರಿಯಿದೆ ಅಂದುಕೊಳ್ಳುತ್ತಾರೆ. ಸುಳ್ಳಿಗೆ ಅವಳ ಹೆಬ್ಬೆಟ್ಟೇ ಸಾಕ್ಷಿಯಾಯಿತು.

ಅದೇ ತಾಯಿ ಓದಲು ಕಲಿತಿದ್ದರೆ? "ಇದು 12 ಅಂತ ಇದೆ. ನಾನು ಮಾಡಿದ್ದು 6. ತಿದ್ದಿ, ಆಮೇಲೆ ಸಹಿ ಹಾಕ್ತೀನಿ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಕಳ್ಳ ಲೆಕ್ಕ ಅಲ್ಲೇ ನಿಲ್ಲುತ್ತಿತ್ತು. ದೆಹಲಿಯವರೆಗೆ ಹೋಗಬೇಕಾಗಿರಲಿಲ್ಲ.

ಈಗ ಬಹಳಷ್ಟು ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಒಳ್ಳೆಯದು. ಆದರೆ ಹೆಬ್ಬೆಟ್ಟು ಹೋಗಿಲ್ಲ. ಹಣ ಕೊಡುವವರು ಚಿಕ್ಕ ಯಂತ್ರ ಹಿಡಿದು ಬರುತ್ತಾರೆ. ಅದರ ಮೇಲೆ ಬೆರಳು ಇಡಬೇಕು. ಇಡುವ ಮುಂಚೆ ಕೇಳಿ: "ಎಷ್ಟು ಹಣ ತೆಗೀತಿದೀರಿ?" ಯಂತ್ರದಲ್ಲಿ ಅಂಕಿ ನೋಡಿ. ಚೀಟಿ ಕೇಳಿ ಪಡೆಯಿರಿ. ಕೈಗೆ ಬಂದ ಹಣ ಎಣಿಸಿ. ಪಾಸ್ ಪುಸ್ತಕವನ್ನು ಆಗಾಗ ಬರೆಸಿ, ಓದಿ ನೋಡಿ.

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಅಂಕಿ ಬರೆಯದ ರಶೀದಿಗೆ ಸಹಿ ಹಾಕಬೇಡಿ. ಯಾರೇ ಹೇಳಲಿ, ನೆಂಟರೇ ಆಗಲಿ, ಓದದೆ ಸಹಿ ಹಾಕಬೇಡಿ. "ಸ್ವಲ್ಪ ತಡೀರಿ, ಓದಿ ಹಾಕ್ತೀನಿ" ಅನ್ನುವುದು ಅವಮಾನದ ಮಾತಲ್ಲ. ಅದು ನಮ್ಮ ಹಕ್ಕು.

ಸಿಎಜಿ ಇಲಾಖೆಯ ಧ್ಯೇಯವಾಕ್ಯ 'ಲೋಕಹಿತಾರ್ಥ ಸತ್ಯನಿಷ್ಠಾ'. ಜನರ ಹಿತಕ್ಕಾಗಿ ಸತ್ಯಕ್ಕೆ ನಿಷ್ಠರಾಗಿರುವುದು ಎಂದು ಇದರ ಅರ್ಥ. ಈ ಮಾತು ದೊಡ್ಡ ಅಧಿಕಾರಿಗಳಿಗೆ ಮಾತ್ರವಲ್ಲ. ನಾವು ಹಾಕುವ ಪ್ರತಿ ಸಹಿಗೂ ಇದು ಸಲ್ಲುತ್ತದೆ. ದೇಶದ ಲೆಕ್ಕದ ಕೊನೆಯ ಪುಟದಲ್ಲಿ ದೊಡ್ಡವರ ಸಹಿ ಇದೆ. ಮೊದಲ ಪುಟದಲ್ಲಿ ನಮ್ಮ ಸಹಿ ಇದೆ. ಮೊದಲ ಪುಟ ಸತ್ಯವಾಗಿರಲಿ.

ಹೊಸ ಪದಗಳು

ವಂತಿಗೆ – ಎಲ್ಲರೂ ಸೇರಿ ಕೊಡುವ ಹಣ
ಸಂಚಿತ ನಿಧಿ – ಸರ್ಕಾರ ಕೂಡಿಟ್ಟ ಹಣ
ಲೆಕ್ಕ ಪರಿಶೋಧನೆ – ಲೆಕ್ಕವನ್ನು ಪರೀಕ್ಷೆ ಮಾಡುವುದು, ಆಡಿಟ್
ಆಕ್ಷೇಪಣೆ – ಲೆಕ್ಕದಲ್ಲಿ ತಪ್ಪು ಕಂಡಾಗ ಕೇಳುವ ಪ್ರಶ್ನೆ
ತಾಳೆ ಹಾಕುವುದು – ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡುವುದು
ಹಾಜರಿ ಪಟ್ಟಿ – ಯಾರು ಎಷ್ಟು ದಿನ ಕೆಲಸಕ್ಕೆ ಬಂದರು ಎಂದು ಬರೆಯುವ ಪಟ್ಟಿ

ಸರಿಯೋ ತಪ್ಪೋ ಹೇಳಿ

1. ಕೂಲಿ ಮಾಡುವವರು ತೆರಿಗೆ ಕೊಡುವುದಿಲ್ಲ.
2. ಸಿಎಜಿ ಅವರು ತಪ್ಪು ಮಾಡಿದವರಿಗೆ ಜೈಲು ಶಿಕ್ಷೆ ಕೊಡುತ್ತಾರೆ.
3. ರಾಜ್ಯದ ಲೆಕ್ಕದ ವರದಿಯನ್ನು ವಿಧಾನಮಂಡಲದ ಮುಂದೆ ಇಡಬೇಕು.
4. ಓದದೆ ಸಹಿ ಹಾಕಿದರೂ ನಡೆಯುತ್ತದೆ.

ಲೆಕ್ಕ ಮಾಡಿ

ಒಂದು ಊರಿನ ಜಾತ್ರೆಗೆ 18,400 ರೂಪಾಯಿ ವಂತಿಗೆ ಬಂತು. ಪೆಂಡಾಲಿಗೆ 5,000, ಅಡುಗೆ ಸಾಮಾನಿಗೆ 7,650, ವಾದ್ಯದವರಿಗೆ 3,500, ದೀಪಕ್ಕೆ 1,200 ರೂಪಾಯಿ ಖರ್ಚಾಯಿತು. ಉಳಿದದ್ದು 550 ರೂಪಾಯಿ ಎಂದು ಪುಸ್ತಕದಲ್ಲಿ ಬರೆದಿದೆ. ಇದು ಸರಿಯೇ? ತಪ್ಪಿದ್ದರೆ, ನೀವು ಯಾರನ್ನು, ಹೇಗೆ ಕೇಳುತ್ತೀರಿ?

ಮಾಡಿ ನೋಡಿ

ನಿಮ್ಮ ಸಂಘದ ಲೆಕ್ಕದ ಪುಸ್ತಕವನ್ನಾಗಲಿ, ನಿಮ್ಮ ಪಾಸ್ ಪುಸ್ತಕವನ್ನಾಗಲಿ ತನ್ನಿ. ಒಂದು ಪುಟವನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿ. ಬಂದದ್ದು, ಹೋದದ್ದು, ಉಳಿದದ್ದು ತಾಳೆ ಹಾಕಿ. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ನಿಮ್ಮ ಕೈಯಾರೆ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.